ಲಾಟರಿ ಎತ್ತಿ ಆಡಳಿತ ನಡೆಸಿದ ಊರು: ಅಥೆನ್ಸ್‌ನವರಿಗೆ ಇದು ಹೇಗೆ ಸಾಧ್ಯವಾಯ್ತು?

ನಿದ್ದೆಗೇಡಿ
ಕಳೆದ ತಿಂಗಳು ಕೆಲಸದ ಮೇಲೆ ಅಥೆನ್ಸ್‌ಗೆ ಹೋಗಿದ್ದೆ. ಹೊರಡುವ ದಿನ ಅರ್ಧ ದಿನ ಬಿಡುವು ಸಿಕ್ಕಿತು. ಜೊತೆಗಿದ್ದವರೆಲ್ಲ ಅಕ್ರೊಪೊಲಿಸ್ ಗುಡ್ಡ ಹತ್ತಿದರು. ನನಗೆ ಮಂಡಿ ನೋವು. ಕೆಳಗೆ ಅಗೋರಾದಲ್ಲೇ ಸುತ್ತಾಡಿದೆ. ಹಳೇ ಊರಿನ ಸಂತೆ, ಕೋರ್ಟು, ಕಚೇರಿ ಎಲ್ಲ ಒಂದೇ ಕಡೆ ಇದ್ದ ಜಾಗ ಅದು. ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಮುರಿದ ಕಲ್ಲಿನ ಹಲಗೆ ಇದೆ. ಮೈತುಂಬ ಸಾಲು ಸಾಲು ಸಣ್ಣ ಸೀಳು. ಯಾವುದೋ ಮನೆಯ ಜಾಲಂದ್ರ ಇರಬೇಕು ಅಂದುಕೊಂಡೆ.

ಪಕ್ಕದ ಫಲಕ ಓದಿದರೆ ಅದು ಲಾಟರಿ ಯಂತ್ರವಂತೆ! ಹೆಸರು ಕ್ಲೆರೊಟೇರಿಯನ್. ಕೋರ್ಟಿನಲ್ಲಿ ತೀರ್ಪು ಹೇಳಲು ಯಾರು ಕೂರಬೇಕು ಅಂತ ಇದರಿಂದಲೇ ಆರಿಸುತ್ತಿದ್ದರಂತೆ. ಬಹುಪಾಲು ಅಧಿಕಾರಿಗಳ ಆಯ್ಕೆಯೂ ಚೀಟಿ ಎತ್ತಿಯೇ ಅಂತೆ.

ಪ್ರಜಾಪ್ರಭುತ್ವದ ತೊಟ್ಟಿಲು ಗ್ರೀಸ್ ಅಂತ ನಾವೆಲ್ಲ ಶಾಲೆಯಲ್ಲಿ ಬರೆದು ಎರಡು ಮಾರ್ಕ್ಸ್ ತಗೊಂಡಿದ್ದೇವೆ. ಅಲ್ಲಿ ಚುನಾವಣೆ ಇತ್ತು ಅಂತಲೇ ಇಷ್ಟು ವರ್ಷ ನನ್ನ ತಲೆಯಲ್ಲಿತ್ತು. ಗೊತ್ತಿರುವವರು ಹೇಳಿ. ಚೀಟಿ ಎತ್ತಿ ಊರು ನಡೆಸೋದು ಹೇಗೆ? ಕುರಿ ಕಾಯುವವನ ಹೆಸರು ಬಂದರೆ ಖಜಾನೆ ಬೀಗದ ಕೈ ಅವನಿಗಾ?

ಲೆಕ್ಕದಮೇಷ್ಟ್ರು
ಹೌದು, ಕುರಿ ಕಾಯುವವನಿಗೇ! ಆದರೆ ಒಂದು ಹಗಲು, ಒಂದು ರಾತ್ರಿ ಮಾತ್ರ.

ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ಥೆನೀಸ್ ಎಂಬುವನು ಊರಿನ ಲೆಕ್ಕಾಚಾರವನ್ನೇ ಬದಲಾಯಿಸಿದ. ಅಥೆನ್ಸ್ ಅಂದರೆ ಬರೀ ಪಟ್ಟಣವಲ್ಲ, ಸುತ್ತಲಿನ ಆಟಿಕಾ ಸೀಮೆಯೂ ಸೇರಿತ್ತು. ಅಲ್ಲಿ 139 ಹಳ್ಳಿ, ಕೇರಿಗಳು. ಅವನ್ನು 10 ಪಂಗಡಗಳಿಗೆ ಹಂಚಿದ. ಕರಾವಳಿಯ ಒಂದು ತುಂಡು, ಒಳನಾಡಿನ ಒಂದು ತುಂಡು, ಪಟ್ಟಣದ ಒಂದು ತುಂಡು ಸೇರಿಸಿ ಒಂದೊಂದು ಪಂಗಡ. ಹಳೇ ದೊಡ್ಡಮನೆಗಳ ಹಿಡಿತ ಒಂದೇ ಕಡೆ ಗಟ್ಟಿಯಾಗಬಾರದು ಅಂತ ಈ ಬೆರಕೆ. ಪಂಗಡಕ್ಕೆ 50ರಂತೆ 500 ಜನರ ಮಂಡಳಿ. ಅದಕ್ಕೆ ಬೂಲೆ ಅಂತ ಹೆಸರು. ಪೌರರೆಲ್ಲ ಸೇರುವ ದೊಡ್ಡ ಸಭೆಯ ಮುಂದೆ ಯಾವ ವಿಷಯ ಬರಬೇಕು ಅಂತ ಮೊದಲು ನೋಡುವವರು ಇವರೇ. ವಯಸ್ಸು 30 ದಾಟಿರಬೇಕು. ಅವಧಿ ಒಂದು ವರ್ಷ. ಇಡೀ ಜೀವನದಲ್ಲಿ ಎರಡೇ ಸಲ.

ವರ್ಷವನ್ನು ಹತ್ತು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದು ಪಂಗಡದ 50 ಜನರ ಪಾಳಿ. ಅಗೋರಾದಲ್ಲಿ ದುಂಡನೆಯ ಅಡಿಪಾಯ ನೋಡಿದಿರಾ? ಅದು ಥೋಲೋಸ್. ಪಾಳಿಯವರ ಊಟ ಅಲ್ಲೇ. ಮೂರರಲ್ಲಿ ಒಂದು ಭಾಗ ಜನ ರಾತ್ರಿಯೂ ಅಲ್ಲೇ ಇರಬೇಕು. ದಿನಕ್ಕೊಬ್ಬ ಮುಖ್ಯಸ್ಥ, ಅವನೂ ಚೀಟಿಯಿಂದಲೇ. ಹಣ ಮತ್ತು ದಾಖಲೆ ಇಟ್ಟ ಗುಡಿಗಳ ಬೀಗದ ಕೈ, ಊರಿನ ಮುದ್ರೆ ಎರಡೂ ಅವನ ಬಳಿ. ಮರುದಿನ ಇನ್ನೊಬ್ಬ. ಒಮ್ಮೆ ಆದವನು ಮತ್ತೆ ಆಗುವಂತಿಲ್ಲ.

ಈಗ ನನ್ನ ಚಟದ ಲೆಕ್ಕ. ಚಾಂದ್ರಮಾನ ವರ್ಷಕ್ಕೆ 354 ದಿನ, ಸದಸ್ಯರು 500. ಅಂದರೆ ಮಂಡಳಿಗೆ ಬಂದ ಹತ್ತು ಜನರಲ್ಲಿ ಏಳು ಜನ ಒಂದು ದಿನದ ಮಟ್ಟಿಗೆ ಅಥೆನ್ಸ್‌ನ ಮುಖ್ಯಸ್ಥರಾಗಿಯೇ ಮನೆಗೆ ಹೋಗುತ್ತಿದ್ದರು.

ಖಜಾನೆಯ ಮಾತು ಕೇಳಿದಿರಲ್ಲ. ಅಥೇನಾ ದೇವಿಯ ಖಜಾಂಚಿಗಳನ್ನು ಆರಿಸೋದೂ ಲಾಟರಿಯಲ್ಲೇ. ಆದರೆ ಕಾನೂನಿನ ಪ್ರಕಾರ ಅತಿ ಶ್ರೀಮಂತ ದರ್ಜೆಯವರ ಹೆಸರು ಮಾತ್ರ ಹಾಕಬೇಕು. ಆ ದರ್ಜೆಯನ್ನು ಕ್ಲೈಸ್ಥೆನೀಸ್‌ಗೂ ಮುಂಚಿನ ಕಾನೂನುಕಾರ ಸೊಲೋನ್ ಕಾಲದಲ್ಲಿ ಕಟ್ಟಿದ್ದು. ಕ್ರಿ.ಪೂ. ನಾಲ್ಕನೇ ಶತಮಾನದ ಹೊತ್ತಿಗೆ ಕಾನೂನು ಹಾಗೇ ಇತ್ತು, ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಕಡುಬಡವನ ಹೆಸರು ಬಂದರೂ ಅವನೇ ಖಜಾಂಚಿ.

ಅಡಿಕೆತೋಟ
ನಮ್ಮ ಕಡೆ ಒಂದು ಸಂಘದಲ್ಲಿ ಎಲ್ಲರೂ ಸೇರಿ ಓಟು ಹಾಕಿ ಆರಿಸಿದ ಖಜಾಂಚಿ ಎರಡು ವರ್ಷದಿಂದ ಲೆಕ್ಕ ಕೊಟ್ಟಿಲ್ಲ. ಚೀಟಿ ಎತ್ತಿದ್ದರೆ ಇದಕ್ಕಿಂತ ಕೆಟ್ಟದಾಗುತ್ತಿರಲಿಲ್ಲ ಬಿಡಿ.

ಆದರೂ ಮೇಷ್ಟ್ರೇ, ಕಳ್ಳನ ಹೆಸರು ಬಂದರೆ? ಹುಚ್ಚನ ಹೆಸರು ಬಂದರೆ?

ಲೆಕ್ಕದಮೇಷ್ಟ್ರು
ಅದಕ್ಕೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು ಇಟ್ಟಿದ್ದರು. ಹೆಸರು ಬಂದ ಮೇಲೆ ಕುರ್ಚಿಗೆ ಮೊದಲು ವಿಚಾರಣೆ. ನಿನ್ನ ಅಪ್ಪ ಯಾರು, ಯಾವ ಹಳ್ಳಿ? ಅಮ್ಮನ ತಂದೆ ಯಾರು? ನಿಮ್ಮ ಮನೆತನದ ಸಮಾಧಿಗಳು ಎಲ್ಲಿವೆ? ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ತೀಯಾ? ತೆರಿಗೆ ಕಟ್ಟಿದ್ದೀಯಾ? ಯುದ್ಧಕ್ಕೆ ಹೋಗಿದ್ದೀಯಾ? ಆಮೇಲೆ 'ಇವನ ಮೇಲೆ ಯಾರಿಗಾದರೂ ತಕರಾರಿದೆಯಾ' ಅಂತ ಎಲ್ಲರ ಮುಂದೆ ಕೇಳೋದು. ಕೆಲಸ ಬರುತ್ತಾ ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ! ನನಗೆ ಬಹಳ ಇಷ್ಟವಾದ ವಿಷಯ ಇದು.

ಅವಧಿ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಒಪ್ಪಿಸುವ ತನಕ ಊರು ಬಿಟ್ಟು ಹೋಗುವಂತಿಲ್ಲ. ನಿಮ್ಮ ಖಜಾಂಚಿಗೆ ಇದನ್ನು ಓದಿ ಹೇಳಿ.

ಗರಡಿಮನೆ
ಇಷ್ಟೆಲ್ಲ ಚೀಟಿ ಆಟ ಆಡಿದವರು ಕೊನೆಗೆ ಯಾರ ಕೈಲಿ ಸೋತರು? ಸ್ಪಾರ್ಟಾ ಕೈಲಿ. ಕ್ರಿ.ಪೂ. 404. ಯುದ್ಧಕ್ಕೂ ಚೀಟಿ ಎತ್ತಿದರಾ?

ಲೆಕ್ಕದಮೇಷ್ಟ್ರು
ಇಲ್ಲ ಗುರುಗಳೇ. ವರ್ಷಕ್ಕೆ ಹತ್ತು ಸೇನಾಪತಿಗಳು, ಅವರನ್ನು ಕೈ ಎತ್ತಿಸಿಯೇ ಆರಿಸುತ್ತಿದ್ದರು. ಎಷ್ಟು ಸಲ ಬೇಕಾದರೂ ಗೆಲ್ಲಬಹುದಿತ್ತು. ಪೆರಿಕ್ಲೀಸ್ ಸಾಲಾಗಿ 15 ವರ್ಷ ಗೆದ್ದ ಅಂತ ಪ್ಲೂಟಾರ್ಕ್ ಬರೆಯುತ್ತಾನೆ. ಅಂಥವನನ್ನೂ ಕ್ರಿ.ಪೂ. 430ರಲ್ಲಿ ಇಳಿಸಿ, ದಂಡ ಹಾಕಿ, ಸ್ವಲ್ಪ ದಿನದಲ್ಲೇ ಮತ್ತೆ ಆರಿಸಿದರು. ತಪ್ಪಿದರೆ ಹಡಗೇ ಮುಳುಗುವ ಕೆಲಸಕ್ಕೆ ಚುನಾವಣೆ, ಯಾರಾದರೂ ಕಲಿತು ಮಾಡಬಹುದಾದ ಕೆಲಸಕ್ಕೆ ಲಾಟರಿ. ಅರಿಸ್ಟಾಟಲ್ ಇದನ್ನು ನೇರವಾಗಿಯೇ ಹೇಳುತ್ತಾನೆ: ಚೀಟಿ ಎತ್ತುವುದು ಜನರಾಳ್ವಿಕೆಯ ರೀತಿ, ಚುನಾವಣೆ ಕೆಲವರ ಆಳ್ವಿಕೆಯ ರೀತಿ. ಓಟಿನಲ್ಲಿ ಗೆಲ್ಲೋದು ಹೆಸರು, ಹಣ, ಮಾತುಗಾರಿಕೆ ಇದ್ದವರು ತಾನೇ?

ಸ್ಪಾರ್ಟಾದ ವಿಷಯ ತೆಗೆದಿರಿ, ಅಲ್ಲಿನ ಹಿರಿಯರ ಮಂಡಳಿಯ ಆಯ್ಕೆ ಗೊತ್ತಾ? ಕೆಲವರನ್ನು ಒಂದು ಮನೆಯೊಳಗೆ ಕೂರಿಸೋದು. ಹೊರಗೆ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಜನರ ಮುಂದೆ ಹೋಗೋದು. ಯಾರಿಗೆ ಕೂಗು ಜೋರು ಅಂತ ಒಳಗಿನವರು ಕಾಣದೆಯೇ ಗುರುತು ಹಾಕಿಕೊಳ್ಳೋದು. ಅರಿಸ್ಟಾಟಲ್ ಇದನ್ನು ಮಕ್ಕಳಾಟ ಅಂದ.

ಗರಡಿಮನೆ
ಕೂಗಿನ ಪದ್ಧತಿ ನಮ್ಮಲ್ಲಿ ಈಗಲೂ ಇದೆ ಬಿಡಿ 😄 ಸೋತೆ.

ಕಡಲತಡಿ
ಎಲ್ಲರೂ ಬಹಳ ಖುಷಿಯಲ್ಲಿದ್ದೀರಿ, ಸ್ವಲ್ಪ ತಡೆಯಿರಿ. ಆ ಲಾಟರಿ ಡಬ್ಬಿಗೆ ಯಾರ ಹೆಸರು ಬೀಳುತ್ತಿತ್ತು? ಹೆಂಗಸರದ್ದು ಇಲ್ಲ. ಗುಲಾಮರದ್ದು ಇಲ್ಲ. ಮೂರು ತಲೆಮಾರಿನಿಂದ ಅಲ್ಲೇ ಬದುಕಿದ, ತೆರಿಗೆ ಕಟ್ಟಿದ, ಯುದ್ಧಕ್ಕೂ ಹೋದ ಹೊರಊರಿನವರದ್ದೂ ಇಲ್ಲ. ಅವರಿಗೆ ಮೆಟಿಕ್ ಅಂತ ಹೆಸರು. ಕ್ರಿ.ಪೂ. ನಾಲ್ಕನೇ ಶತಮಾನದ ಕೊನೆಯಲ್ಲಿ ಮಾಡಿದ ಎಣಿಕೆಯೊಂದರಲ್ಲಿ ಪೌರರು 21,000, ಮೆಟಿಕ್‌ಗಳು 10,000 ಅಂತ ದಾಖಲೆಯಿದೆ. ಅಂದರೆ ಇಬ್ಬರು ಪೌರರಿಗೆ ಒಬ್ಬ 'ಹೊರಗಿನವನು'. ಇನ್ನು ಗುಲಾಮರು.

ಸಭೆಗೆ, ಕೋರ್ಟಿಗೆ ಬಿಡುವು ಮಾಡಿಕೊಂಡು ಹೋಗೋಕೆ ದುಡ್ಡು ಎಲ್ಲಿಂದ ಬಂತು? ಲಾರಿಯನ್ ಬೆಳ್ಳಿ ಗಣಿಯಿಂದ. ನಿಕಿಯಾಸ್ ಅನ್ನುವ ಶ್ರೀಮಂತ 1,000 ಗುಲಾಮರನ್ನು ಆ ಗಣಿಗೆ ಬಾಡಿಗೆಗೆ ಬಿಟ್ಟಿದ್ದ. ತಲೆಗೆ ದಿನಕ್ಕೆ ಒಂದು ಒಬೊಲ್, ಹಣ ಅವನಿಗೆ. ಹೀಗೆ ಮನುಷ್ಯರನ್ನು ಬಾಡಿಗೆಗೆ ಕೊಟ್ಟವನನ್ನು ಜನ ಮತ್ತೆ ಮತ್ತೆ ಸೇನಾಪತಿ ಮಾಡಿದರು.

ಡಬ್ಬಿಯೊಳಗೆ ಸಮಾನತೆ ಇತ್ತು, ಒಪ್ಪುತ್ತೇನೆ. ಡಬ್ಬಿಯ ಹೊರಗೆ?

ಲೆಕ್ಕದಮೇಷ್ಟ್ರು
ಮೇಡಂ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ್ದು ಸರಿ. ಒಂದು ಸಂಗತಿ ಮಾತ್ರ ಸೇರಿಸುತ್ತೇನೆ. ಅಕ್ರೊಪೊಲಿಸ್ ಮೇಲಿನ ಎರೆಕ್ಥಿಯಾನ್ ಗುಡಿ ಕಟ್ಟಿದಾಗಿನ ಕೂಲಿ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಪೌರ, ಮೆಟಿಕ್, ಗುಲಾಮ ಮೂವರೂ ಒಂದೇ ಕಂಬಕ್ಕೆ ಗೀರು ಕೊರೆದಿದ್ದಾರೆ. ಕೂಲಿ ಮೂವರಿಗೂ ಒಂದೇ, ದಿನಕ್ಕೆ ಒಂದು ಡ್ರಾಕ್ಮಾ.

ಕಡಲತಡಿ
ಗುಲಾಮನ ಡ್ರಾಕ್ಮಾ ಸಂಜೆ ಯಾರ ಜೇಬಿಗೆ ಹೋಗುತ್ತಿತ್ತು ಮೇಷ್ಟ್ರೇ?

ಲೆಕ್ಕದಮೇಷ್ಟ್ರು
ಯಜಮಾನನ ಜೇಬಿಗೆ.

ಅಡಿಕೆತೋಟ
ಒಬೊಲ್, ಡ್ರಾಕ್ಮಾ ಅಂದರೆ ಎಷ್ಟು ಅಂತ ನಮ್ಮಂಥವರಿಗೆ ಯಾರಾದರೂ ಬಿಡಿಸಿ ಹೇಳಿ ಮಾರಾಯ್ರೆ.

ನಿದ್ದೆಗೇಡಿ
ಅಲ್ಲಿಂದ ಬಂದ ಮೇಲೆ ಓದಿಕೊಂಡಿದ್ದೇನೆ, ಇದು ನಾನು ಹೇಳಬಲ್ಲೆ. ಆರು ಒಬೊಲ್‌ಗೆ ಒಂದು ಡ್ರಾಕ್ಮಾ. ಕೋರ್ಟಿನಲ್ಲಿ ಕೂತವರಿಗೆ ದಿನಕ್ಕೆ ಎರಡು ಒಬೊಲ್ ಅಂತ ಪೆರಿಕ್ಲೀಸ್ ಶುರು ಮಾಡಿದ. ಆಮೇಲೆ ಕ್ಲಿಯಾನ್ ಎಂಬ ನಾಯಕ ಮೂರಕ್ಕೆ ಏರಿಸಿದ. ಅಂದರೆ ಕಸುಬುದಾರನ ಅರ್ಧ ದಿನದ ಕೂಲಿ. ವಯಸ್ಸಾದವರಿಗೆ ಪಿಂಚಣಿ ಇದ್ದ ಹಾಗೆ. ಅದಕ್ಕೇ ಅರಿಸ್ಟೋಫೇನಿಸ್‌ನ ಹಾಸ್ಯ ನಾಟಕಗಳಲ್ಲಿ ಕೋರ್ಟಿನ ಹುಚ್ಚು ಹಿಡಿದ ಮುದುಕರು ಬರುತ್ತಾರೆ.

ಸಭೆಯ ಕಥೆ ಇನ್ನೂ ಮಜಾ. ಪ್ನಿಕ್ಸ್ ಗುಡ್ಡದ ಮೇಲೆ ಸಭೆ. ಮುಖ್ಯ ವಿಷಯಗಳಿಗೆ 6,000 ಜನ ಇರಲೇಬೇಕು. ಜನ ಅಗೋರಾದಲ್ಲಿ ಹರಟೆ ಹೊಡೆಯುತ್ತ ನಿಂತರೆ, ಕೆಂಪು ಬಣ್ಣದಲ್ಲಿ ಅದ್ದಿದ ಹಗ್ಗ ಹಿಡಿದು ಎರಡೂ ಕಡೆಯಿಂದ ಗುಡ್ಡದ ಕಡೆ ಅಟ್ಟುತ್ತಿದ್ದರು. ಬಟ್ಟೆಗೆ ಕೆಂಪು ಬಿದ್ದರೆ ಸೋಮಾರಿ ಅಂತ ಊರಿಗೆಲ್ಲ ಗೊತ್ತು. ಕ್ರಿ.ಪೂ. 403ರ ನಂತರ ಸಭೆಗೆ ಬಂದವರಿಗೂ ದುಡ್ಡು ಕೊಡಲು ಶುರು ಮಾಡಿದರು.

ಹಾಳೆಹುಳು
ಬಿ.ಎಂ.ಶ್ರೀ ಅವರ 'ಪಾರಸಿಕರು' ಯಾರಾದರೂ ಓದಿದ್ದೀರಾ? ಈಸ್ಕಿಲಸ್‌ನ ನಾಟಕದ ಕನ್ನಡ ರೂಪ, 1935ರದ್ದು. ಮೂಲ ನಾಟಕ ಆಡಿದ್ದು ಕ್ರಿ.ಪೂ. 472ರಲ್ಲಿ, ಸಲಾಮಿಸ್ ಬಳಿ ಪರ್ಷಿಯನ್ನರ ಹಡಗುಪಡೆಯನ್ನು ಸೋಲಿಸಿ ಎಂಟೇ ವರ್ಷಕ್ಕೆ. ಆಗ ಖರ್ಚು ಹಾಕಿದವನು ಚಿಕ್ಕ ವಯಸ್ಸಿನ ಪೆರಿಕ್ಲೀಸ್. ಅದರಲ್ಲಿ ಪರ್ಷಿಯಾದ ರಾಣಿ ಕೇಳುತ್ತಾಳೆ, ಆ ಊರಿನವರಿಗೆ ಒಡೆಯ ಯಾರು ಅಂತ. ಅವರು ಯಾರ ಆಳೂ ಅಲ್ಲ, ಯಾರ ಅಧೀನರೂ ಅಲ್ಲ ಅಂತ ಹಿರಿಯರ ಉತ್ತರ. ಗೆದ್ದವರ ಊರಿನಲ್ಲಿ, ಸೋತವರ ಬಾಯಲ್ಲಿ ಈ ಮಾತು!

ಕಡಲತಡಿಯವರು ಹೇಳಿದ ಬೆಳ್ಳಿಯೇ ಇಲ್ಲೂ ಬರುತ್ತದೆ. ಲಾರಿಯನ್‌ನಲ್ಲಿ ಹೊಸ ಅದಿರು ಸಿಕ್ಕಾಗ ಎಲ್ಲರಿಗೂ ಹಂಚೋಣ ಅಂದರು. ಬೇಡ, ಹಡಗು ಕಟ್ಟೋಣ ಅಂದವನು ಥೆಮಿಸ್ಟೊಕ್ಲೀಸ್. ಒಂದು ಹಡಗಿಗೆ 170 ಜನ ಹುಟ್ಟು ಹಾಕಬೇಕು. ಅದಕ್ಕೆ ಕುದುರೆ ಬೇಡ, ಕವಚ ಬೇಡ, ತೋಳಿದ್ದರೆ ಸಾಕು. ಊರನ್ನು ಉಳಿಸಿದ್ದು ಆ ಬಡವರ ತೋಳು. ಆಮೇಲೆ ಅವರನ್ನು ಸಭೆಯಲ್ಲಿ ಸುಮ್ನೆ ಕೂರು ಅನ್ನೋಕೆ ಯಾರಿಗಾಗುತ್ತೆ?

ಅದೇ ಥೆಮಿಸ್ಟೊಕ್ಲೀಸ್‌ನನ್ನು ಮಡಕೆ ಬೋಕಿ ಮೇಲೆ ಹೆಸರು ಬರೆದು ಹತ್ತು ವರ್ಷ ಊರಾಚೆ ಅಟ್ಟಿದರು. ಅಕ್ರೊಪೊಲಿಸ್ ಬಳಿಯ ಬಾವಿಯೊಂದರಲ್ಲಿ ಅವನ ಹೆಸರಿನ 190 ಬೋಕಿ ಸಿಕ್ಕಿವೆ. ಬರೆದ ಕೈಗಳು 14 ಮಾತ್ರ.

ಗರಡಿಮನೆ
190 ಓಟು, 14 ಕೈಬರಹ. ಮೊದಲೇ ಬರೆದಿಟ್ಟು ಹಂಚಿದ್ದಾರೆ. ಪಕ್ಷದ ಕಾರ್ಯಕರ್ತರು ಆಗಲೂ ಇದ್ದರು ಅನ್ನಿ!

ಹಾಳೆಹುಳು
ಇದೇ ನೆಪದಲ್ಲಿ ಇನ್ನೊಂದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಭಾರತದ ರಾಜ ಆಡುವ ಮಾತುಗಳಲ್ಲಿ ಕನ್ನಡ ಇದೆ ಅಂತ 1904ರಲ್ಲಿ ಹುಲ್ಟ್ಜ್ ಎಂಬ ವಿದ್ವಾಂಸ ಹೇಳಿದ್ದು ಎಲ್ಲರಿಗೂ ಗೊತ್ತಲ್ವಾ? ಖಾರಿಟಿಯನ್ ಅನ್ನುವ ಹುಡುಗಿ, ಅವಳನ್ನು ಬಿಡಿಸಲು ಬಂದ ಅಣ್ಣ, ಕುಡಿಸಿ ಮಲಗಿಸಿದ ರಾಜ...

ನಿರ್ವಾಹಕ
ಹಾಳೆಹುಳು ಅವರೇ, ಆ ಪಪೈರಸ್ ರೋಮನ್ನರ ಕಾಲದ್ದು, ಅಥೆನ್ಸ್ ಲಾಟರಿಗೂ ಅದಕ್ಕೂ ಆರು ಶತಮಾನದ ದೂರ. ಅದರ ಮಾತುಗಳು ಕನ್ನಡವೋ ಅಲ್ಲವೋ ಅಂತ ಇಲ್ಲಿ ಈಗಾಗಲೇ ಎರಡು ಸಲ ಜಗಳವಾಗಿದೆ. ದಯವಿಟ್ಟು ಬೇರೆ ಚರ್ಚೆ ತೆರೆಯಿರಿ.

ಕಡಲತಡಿ
ಮತ್ತೆ ವಿಷಯಕ್ಕೆ. ನನಗೆ ಗುಲಾಮಗಿರಿಗಿಂತಲೂ ಕಾಡುವುದು ಕ್ರಿ.ಪೂ. 406ರ ಘಟನೆ. ಯಾಕೆಂದರೆ ಇದರಲ್ಲಿ ಡಬ್ಬಿಯೊಳಗಿನವರೇ ಡಬ್ಬಿಯೊಳಗಿನವರನ್ನು ಕೊಂದರು.

ಲೆಸ್ಬೋಸ್ ಹತ್ತಿರ ಅರ್ಗಿನೂಸೆ ಎಂಬ ನಡುಗಡ್ಡೆಗಳ ಬಳಿ ಅಥೆನ್ಸ್ ದೊಡ್ಡ ಗೆಲುವು ಕಂಡಿತು. ಆದರೆ 25 ಹಡಗು ಹೋದವು. ಒಡೆದ ಹಡಗುಗಳಿಗೆ ಅಂಟಿಕೊಂಡವರನ್ನು ಮೇಲೆತ್ತಲು ಆಗಲಿಲ್ಲ, ಬಿರುಗಾಳಿ. ಊರಿಗೆ ಸುದ್ದಿ ಬಂತು. ಗೆದ್ದ ಸಂತೋಷ ಸಿಟ್ಟಾಯಿತು. ಎಂಟು ಸೇನಾಪತಿಗಳ ಮೇಲೆ ಆರೋಪ. ಇಬ್ಬರು ಊರಿಗೆ ಬರಲೇ ಇಲ್ಲ. ಬಂದ ಆರು ಜನರನ್ನು ಬೇರೆ ಬೇರೆ ವಿಚಾರಿಸದೆ, ಒಂದೇ ಓಟಿನಲ್ಲಿ ಎಲ್ಲರಿಗೂ ಸಾವು ಅಂತ ತೀರ್ಮಾನಿಸಲು ಹೊರಟರು. ಇದು ಕಾನೂನಿಗೆ ವಿರುದ್ಧ ಅಂತ ಒಬ್ಬ ಎದ್ದು ನಿಂತ. ಜನರಿಗೆ ಇಷ್ಟ ಬಂದದ್ದನ್ನು ಮಾಡಲು ಬಿಡದಿರುವುದು ಅನ್ಯಾಯ ಅಂತ ಗುಂಪು ಕೂಗಿತು. ಪಾಳಿಯಲ್ಲಿದ್ದ ಮಂಡಳಿಯವರೂ ಹೆದರಿ ಒಪ್ಪಿದರು, ಒಬ್ಬನನ್ನು ಬಿಟ್ಟು. ಆ ಒಬ್ಬ ಸಾಕ್ರಟೀಸ್.

ಆರೂ ಜನ ಸತ್ತರು. ಅವರಲ್ಲಿ ಒಬ್ಬ ಪೆರಿಕ್ಲೀಸ್‌ನ ಮಗ. ಅವನ ಹೆಸರೂ ಪೆರಿಕ್ಲೀಸ್, ತಾಯಿ ಅಸ್ಪಾಸಿಯಾ. ತಂದೆ ತಾಯಿ ಇಬ್ಬರೂ ಅಥೆನ್ಸ್‌ನವರಾದರೆ ಮಾತ್ರ ಪೌರತ್ವ ಅಂತ ಕ್ರಿ.ಪೂ. 451ರಲ್ಲಿ ಕಾನೂನು ತಂದವನು ಅಪ್ಪನೇ. ಅಸ್ಪಾಸಿಯಾ ಮಿಲೇಟಸ್‌ನವಳು. ಹಾಗಾಗಿ ಈ ಮಗ ಹೊರಗುಳಿದಿದ್ದ. ಉಳಿದ ಗಂಡುಮಕ್ಕಳು ಪ್ಲೇಗಿನಲ್ಲಿ ಸತ್ತ ಮೇಲೆ, ಇವನಿಗೆ ಪೌರತ್ವ ಕೊಡಿ ಅಂತ ಅಪ್ಪ ಜನರ ಮುಂದೆ ಬೇಡಿಕೊಂಡ, ಜನ ಕೊಟ್ಟರು. ಆ ಪೌರತ್ವ ಸಿಗದಿದ್ದರೆ ಹುಡುಗ ಸೇನಾಪತಿ ಆಗುತ್ತಿರಲಿಲ್ಲ, ಬದುಕಿರುತ್ತಿದ್ದ.

ಆಮೇಲೆ ಅಥೆನ್ಸ್‌ನವರು ಪಶ್ಚಾತ್ತಾಪ ಪಟ್ಟರಂತೆ. ತಮ್ಮನ್ನು ಕೆರಳಿಸಿದವರ ಮೇಲೆಯೇ ದೂರು ಹಾಕಿದರಂತೆ. ಸತ್ತವರಿಗೆ ಅದರಿಂದ ಏನು?

ಅಡಿಕೆತೋಟ
ಅಪ್ಪನ ಕಾನೂನು, ಮಗನ ಕುತ್ತಿಗೆ. ನಮ್ಮ ಹಳೇ ಕಥೆಗಳಲ್ಲಿ ಬರುವ ಹಾಗೇ ಇದೆ.

ಲೆಕ್ಕದಮೇಷ್ಟ್ರು
ಇದನ್ನು ಓದಿ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಮೇಡಂ, ನೀವು ಹೇಳಿದ ಪ್ರತಿಯೊಂದೂ ನಿಜ. ಆದರೆ ಅಪರಾಧಿ ಯಾರು ಅನ್ನೋದರಲ್ಲಿ ನನ್ನ ತಕರಾರಿದೆ.

ಆ ಆರು ಜನರನ್ನು ಕೊಂದಿದ್ದು ಲಾಟರಿ ಅಲ್ಲ, ಓಟು. ಸೇರಿದ ಜನ, ಒಳ್ಳೆ ಮಾತುಗಾರ, ಸಿಟ್ಟು, ಒಂದೇ ದಿನದ ತೀರ್ಮಾನ. ಕ್ರಿ.ಪೂ. 427ರಲ್ಲೂ ಹಾಗೇ. ಅಥೆನ್ಸ್ ವಿರುದ್ಧ ದಂಗೆ ಎದ್ದ, ಲೆಸ್ಬೋಸ್ ದ್ವೀಪದ ಮಿಟಿಲೀನಿ ಊರಿನ ಗಂಡಸರನ್ನೆಲ್ಲ ಕೊಲ್ಲಿ ಅಂತ ಸಭೆ ಹೇಳಿ ಹಡಗು ಕಳಿಸಿತು. ಮರುದಿನ ಬೆಳಗ್ಗೆ ಮನಸ್ಸು ಚುರ್ ಅಂದಿತು, ಮತ್ತೆ ಸಭೆ. ಕ್ಲಿಯಾನ್ ಕೊಲ್ಲಲೇಬೇಕು ಅಂದ. ಡಯೊಡೋಟಸ್ ಬೇಡ ಅಂದ. ಕೈಗಳು ಹೆಚ್ಚುಕಮ್ಮಿ ಸಮ ಎದ್ದವು, ಡಯೊಡೋಟಸ್ ಕೂದಲೆಳೆಯಲ್ಲಿ ಗೆದ್ದ. ಎರಡನೇ ಹಡಗು ಹೊರಟಿತು. ಹುಟ್ಟು ಹಾಕುವವರು ಕೈ ಬಿಡದೆ, ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆ ಹಿಟ್ಟು ತಿನ್ನುತ್ತಲೇ ಹೋದರು. ಪಾಳಿಯಲ್ಲಿ ನಿದ್ದೆ. ಮೊದಲ ಹಡಗಿನವರು ಇಂಥ ಕೆಲಸಕ್ಕೆ ಹೊರಟಿದ್ದೇವಲ್ಲ ಅಂತ ನಿಧಾನಕ್ಕೆ ಹೋಗಿದ್ದರು. ಆಜ್ಞೆ ಓದಿ ಮುಗಿಸುವಷ್ಟರಲ್ಲಿ ಎರಡನೇ ಹಡಗು ದಡ ಮುಟ್ಟಿತು. ಊರು ಉಳಿಯಿತು. ದಂಗೆಗೆ ಕಾರಣರಾದವರು ಅಂತ ಸಾವಿರಕ್ಕೂ ಹೆಚ್ಚು ಜನರನ್ನು ಆಮೇಲೂ ಕೊಂದರು, ಅದನ್ನು ಮುಚ್ಚಿಡೋದಿಲ್ಲ.

ಸಾಕ್ರಟೀಸ್ ಅಂದು ಆ ಪಾಳಿಯಲ್ಲಿ ಹೇಗೆ ಬಂದ? ಚೀಟಿಯಿಂದ! ಅವನು ಚುನಾವಣೆಗೆ ನಿಂತು ಗೆಲ್ಲುವ ಜಾತಿಯ ಮನುಷ್ಯನೇ ಅಲ್ಲ. ತಮಾಷೆ ನೋಡಿ, ಲಾಟರಿಯನ್ನು ಹಂಗಿಸಿದವನೂ ಅವನೇ. ಹಡಗು ನಡೆಸುವವನನ್ನು, ಮನೆ ಕಟ್ಟುವವನನ್ನು ಯಾರಾದರೂ ಚೀಟಿ ಎತ್ತಿ ಆರಿಸುತ್ತಾರಾ ಅಂತ ಕೇಳುತ್ತಿದ್ದನಂತೆ. ಅದೇ ಚೀಟಿ ಇಡೀ ಊರಿಗೆ ಎದುರು ನಿಲ್ಲುವ ಒಬ್ಬನನ್ನು ತಂದು ಕೂರಿಸಿತ್ತು.

ಸ್ಪಾರ್ಟಾಕ್ಕೆ ಸೋತ ಮೇಲೆ ಅಧಿಕಾರ ಕೆಲವರ ಕೈಗೆ ಹೋಗಿ, ಕ್ರಿ.ಪೂ. 403ರಲ್ಲಿ ಜನರಾಳ್ವಿಕೆ ಮರಳಿ ಬಂದಾಗ ಅವರು ಮಾಡಿದ ಬದಲಾವಣೆಯನ್ನೂ ನೋಡಿ. ಹೊಸ ಕಾನೂನು ಮಾಡುವ ಕೆಲಸವನ್ನು ದೊಡ್ಡ ಸಭೆಯಿಂದ ತೆಗೆದು, ಕೋರ್ಟಿನಲ್ಲಿ ಕೂರುವವರ ಹಾಗೆಯೇ ಪ್ರಮಾಣ ಮಾಡಿದ, 30 ದಾಟಿದ ಜನರ ಗುಂಪಿಗೆ ಕೊಟ್ಟರು. ಪೆಟ್ಟು ತಿಂದ ಮೇಲೆ ಅವರು ಲಾಟರಿಯನ್ನು ಬಿಡಲಿಲ್ಲ, ಕಡಿವಾಣ ಹಾಕಿದ್ದು ಸಭೆಗೆ.

ಕಡಲತಡಿ
ಒಳ್ಳೆ ವಾದ. ಆದರೆ ಕ್ರಿ.ಪೂ. 399ರಲ್ಲಿ ಅದೇ ಸಾಕ್ರಟೀಸ್‌ಗೆ ವಿಷ ಕುಡಿಸಿದ ಕೋರ್ಟಿನಲ್ಲಿ ಕೂತಿದ್ದ ಐನೂರು ಚಿಲ್ಲರೆ ಜನ? ಅವರೂ ಚೀಟಿಯಿಂದ ಬಂದವರೇ. ಬರೀ 30 ಜನ ಆಚೆ ಕಡೆ ಓಟು ಹಾಕಿದ್ದರೆ ಬಿಡುಗಡೆ ಆಗುತ್ತಿತ್ತು.

ಲೆಕ್ಕದಮೇಷ್ಟ್ರು
ಹೌದು. ಇದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ವಾರದಲ್ಲಿ ಎರಡನೇ ಸಲ ಸೋಲಿಸಿದಿರಿ.

ನಿದ್ದೆಗೇಡಿ
ನೀವಿಬ್ಬರೂ ಜಗಳ ಆಡಿದಷ್ಟೂ ನಮಗೆ ಲಾಭ. ಮೇಷ್ಟ್ರೇ, ಒಂದು ಬಾಕಿ ಇದೆ. ಆ ಕಲ್ಲು ಕೆಲಸ ಮಾಡೋದು ಹೇಗೆ? ಮಗಳು ರಟ್ಟಿನಲ್ಲಿ ಮಾಡೋಣ ಅಂತಿದ್ದಾಳೆ.

ಲೆಕ್ಕದಮೇಷ್ಟ್ರು
ಸುಲಭ. ಪ್ರತಿಯೊಬ್ಬನ ಬಳಿ ಒಂದು ಪಟ್ಟಿ, ಅದರಲ್ಲಿ ಅವನ ಹೆಸರು, ಅಪ್ಪನ ಹೆಸರು, ಹಳ್ಳಿ. ಕಂಚಿನ ಪಟ್ಟಿಗಳು ಸಮಾಧಿಗಳಲ್ಲೂ ಸಿಕ್ಕಿವೆ, ಸತ್ತ ಮೇಲೂ ಬಿಡಲಿಲ್ಲ ನೋಡಿ. ಬೆಳಗ್ಗೆ ಆ ಪಟ್ಟಿಗಳನ್ನು ಕಲ್ಲಿನ ಸೀಳುಗಳಿಗೆ ಸಿಕ್ಕಿಸೋದು. ಪಕ್ಕದಲ್ಲಿ ಒಂದು ಕೊಳವೆ. ಮೇಲಿನಿಂದ ಕಪ್ಪು, ಬಿಳಿ ಗೋಲಿ ಒಟ್ಟಿಗೆ ಸುರಿಯೋದು. ಕೆಳಗೆ ಒಂದೊಂದೇ ಬಿಡೋದು. ಮೊದಲ ಗೋಲಿ ಮೊದಲ ಅಡ್ಡಸಾಲಿಗೆ. ಬಿಳಿ ಬಂದರೆ ಆ ಸಾಲಿನವರೆಲ್ಲ ಕೋರ್ಟಿಗೆ, ಕಪ್ಪು ಬಂದರೆ ಮನೆಗೆ. ಯಾವ ಕೋರ್ಟು ಅನ್ನೋದಕ್ಕೆ ಮತ್ತೊಂದು ಚೀಟಿ. ಎಲ್ಲ ಅದೇ ಬೆಳಗ್ಗೆ. ಹಿಂದಿನ ರಾತ್ರಿ ಲಂಚ ಕೊಡೋಣ ಅಂದರೆ ಯಾರಿಗೆ ಅಂತ ಕೊಡ್ತೀರಿ?

ನಿದ್ದೆಗೇಡಿ
ಆಯ್ತು, ಮಾಡಿದ್ವಿ. ಶೂ ಡಬ್ಬಿ, ಮಾತ್ರೆ ಡಬ್ಬಿಯ ಕೊಳವೆ, ಗೋಲಿ. ಮನೆಯಲ್ಲಿ ನಾಲ್ಕು ಜನ, ರಾತ್ರಿ ಪಾತ್ರೆ ತೊಳೆಯೋದು ಯಾರು ಅಂತ ದಿನಾ ಗೋಲಿ ಬಿಡೋದು. ಒಂದು ಬಿಳಿ, ಮೂರು ಕಪ್ಪು. ಮೂರು ದಿನವೂ ಬಿಳಿ ನನಗೇ ಬಂತು. ಇದು ಆಗುವ ಸಾಧ್ಯತೆ ಎಷ್ಟು ಮೇಷ್ಟ್ರೇ?

ಲೆಕ್ಕದಮೇಷ್ಟ್ರು
64ರಲ್ಲಿ 1. ಗೋಲಿ ತುಂಬಿದವರು ಯಾರು?

ನಿದ್ದೆಗೇಡಿ
ಮಗಳು.

ಕಡಲತಡಿ
ಲೆಕ್ಕ ಒಪ್ಪಿಸುವ ತನಕ ಅವಳು ಊರು ಬಿಡುವಂತಿಲ್ಲ 😄